ಸಿಮೆಂಟಿಗೂ ಬ್ಯಾಂಕಿಗೂ ಒಂದೇ ಅಳತೆಗೋಲೇ?

ಸಿಮೆಂಟ್, ವಿಮಾನ, ಬಟ್ಟೆ, ಬ್ಯಾಂಕು, ಸಾಫ್ಟ್‌ವೇರ್. ಯಾವ ಉದ್ಯಮವೇ ಆಗಲಿ, ಅದು ಪರಿಸರಕ್ಕೆ ಮಾಡುವ ಹಾನಿಯನ್ನು ಒಂದೇ ವಿಧಾನದಲ್ಲಿ ಅಳೆದು, ಒಂದೇ ದರದಲ್ಲಿ ಬೆಲೆ ತೆರುವಂತೆ ಮಾಡಬೇಕೇ? ಇಲ್ಲ, ಒಂದೊಂದು ವಲಯಕ್ಕೆ ಒಂದೊಂದು ನಿಯಮ ಇರುವುದೇ ಸರಿಯೇ? ಎರಡೂ ಕಡೆಯ ವಾದವನ್ನು ನಾನೇ ಬರೆದಿದ್ದೇನೆ. ಬರೆಯಲು ಕೂತಾಗ ಒಂದು ಕಡೆ ಗಟ್ಟಿಯಾಗಿ ನಿಂತಿದ್ದೆ. ಮುಗಿಸುವ ಹೊತ್ತಿಗೆ ಕಾಲು ಸ್ವಲ್ಪ ಅಲುಗಾಡಿದೆ.

ಪರ: ಹೌದು, ಎಲ್ಲರಿಗೂ ಒಂದೇ ಅಳತೆ ಬೇಕು

1944ರಲ್ಲಿ ಶಿಕಾಗೋದಲ್ಲಿ ಐವತ್ತಕ್ಕೂ ಹೆಚ್ಚು ದೇಶಗಳು ಸೇರಿ ನಾಗರಿಕ ವಿಮಾನಯಾನದ ಒಪ್ಪಂದ ಮಾಡಿಕೊಂಡವು. ಅದರ 24ನೇ ವಿಧಿಯಲ್ಲಿ ಒಂದು ಸಣ್ಣ ಮಾತಿದೆ. ಬೇರೆ ದೇಶದಿಂದ ಬಂದಿಳಿದ ವಿಮಾನದ ಟ್ಯಾಂಕಿನಲ್ಲಿ ಉಳಿದಿರುವ ಇಂಧನಕ್ಕೆ ಸುಂಕ ಹಾಕಬಾರದು. ಆಗ ಇದು ನ್ಯಾಯವಾಗಿಯೇ ಇತ್ತು. ಯುದ್ಧ ಇನ್ನೂ ಮುಗಿದಿರಲಿಲ್ಲ, ವಿಮಾನಯಾನ ಎಳೆಕೂಸು. ಆಮೇಲೆ ದೇಶ ದೇಶಗಳ ನಡುವಿನ ಒಪ್ಪಂದಗಳು ಇದೇ ರಿಯಾಯಿತಿಯನ್ನು ಹೊಸದಾಗಿ ತುಂಬಿಸುವ ಇಂಧನಕ್ಕೂ ಹಿಗ್ಗಿಸಿದವು. ಕೂಸು ಬೆಳೆದು ದೈತ್ಯನಾಯಿತು, ರಿಯಾಯಿತಿ ಮಾತ್ರ ಹಾಗೇ ಉಳಿಯಿತು. ಇವತ್ತಿಗೂ ಅಂತರರಾಷ್ಟ್ರೀಯ ವಿಮಾನದ ಇಂಧನಕ್ಕೆ ಹೆಚ್ಚುಕಡಿಮೆ ಎಲ್ಲೂ ತೆರಿಗೆ ಇಲ್ಲ. ಸ್ಕೂಟರಿಗೆ ಒಂದು ಲೀಟರ್ ಪೆಟ್ರೋಲ್ ಹಾಕಿಸುವವನು ತೆರಿಗೆ ಕಟ್ಟುತ್ತಾನೆ.

1997ರ ಕ್ಯೋಟೋ ಒಪ್ಪಂದದಲ್ಲೂ ಇದೇ ಕಥೆ. ಮುಂದುವರಿದ ದೇಶಗಳಿಗೆ ಇಷ್ಟಿಷ್ಟು ಹೊಗೆ (ಅಂದರೆ ಭೂಮಿಯನ್ನು ಬಿಸಿ ಮಾಡುವ ಅನಿಲ) ಕಡಿಮೆ ಮಾಡಿ ಎಂದು ಗುರಿ ಕೊಟ್ಟರು. ಆದರೆ ದೇಶದಿಂದ ದೇಶಕ್ಕೆ ಹೋಗುವ ವಿಮಾನ, ಹಡಗುಗಳ ಹೊಗೆಯನ್ನು ಯಾವ ದೇಶದ ಲೆಕ್ಕಕ್ಕೂ ಸೇರಿಸಲಿಲ್ಲ. ಅದು ಯಾರ ಹೊಗೆ? ಆಕಾಶದ್ದು, ಸಮುದ್ರದ್ದು. ಅಂದರೆ ಯಾರದ್ದೂ ಅಲ್ಲ.

ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಅಂತಾರಲ್ಲ, ವಲಯಕ್ಕೊಂದು ನಿಯಮ ಅಂದಾಗ ಆಗುವುದು ಅದೇ. ಪ್ರತಿಯೊಂದು ಉದ್ಯಮಕ್ಕೂ ‘ನಮ್ಮದು ಬೇರೆ ಥರ ಸ್ವಾಮಿ’ ಅನ್ನುವ ಒಂದು ಕಥೆ ಇದ್ದೇ ಇರುತ್ತದೆ. ಕಥೆ ಚೆನ್ನಾಗಿ ಹೇಳಲು ಬರುವವರಿಗೆ, ಹೇಳಿಸಲು ವಕೀಲರಿರುವವರಿಗೆ ರಿಯಾಯಿತಿ ಸಿಗುತ್ತದೆ. ಯೂರೋಪಿನ ಒಕ್ಕೂಟ 2005ರಲ್ಲಿ ಹೊಗೆಗೆ ಪರವಾನಗಿ ಕೊಂಡುಕೊಳ್ಳುವ ವ್ಯವಸ್ಥೆ ತಂದಿತು. ಸಿಮೆಂಟ್, ಉಕ್ಕಿನ ಕಂಪನಿಗಳು ‘ಹೀಗಾದರೆ ಕಾರ್ಖಾನೆ ಹೊರದೇಶಕ್ಕೆ ಹೋಗುತ್ತದೆ’ ಎಂದವು. ಅವಕ್ಕೆ ಪರವಾನಗಿಯ ದೊಡ್ಡ ಪಾಲು ಪುಕ್ಕಟೆ ಸಿಕ್ಕಿತು. ಈ ಪುಕ್ಕಟೆ ಪಾಲನ್ನು ಹಂತ ಹಂತವಾಗಿ ಇಳಿಸಿ 2034ಕ್ಕೆ ನಿಲ್ಲಿಸುತ್ತೇವೆ ಅಂತ ಈಗ ಹೇಳುತ್ತಿದ್ದಾರೆ. ಅಲ್ಲಿಗೆ ಸುಮಾರು ಮೂವತ್ತು ವರ್ಷ ಆಗಿರುತ್ತದೆ, ಅಲ್ವಾ? ವಿಮಾನದ್ದಂತೂ ಇನ್ನೂ ಸೊಗಸು. ಯೂರೋಪಿಗೆ ಬರುವ, ಅಲ್ಲಿಂದ ಹೋಗುವ ಎಲ್ಲ ವಿಮಾನಗಳನ್ನೂ 2012ರಿಂದ ಈ ಲೆಕ್ಕಕ್ಕೆ ತರಲು ಹೊರಟರು. ದೊಡ್ಡ ದೊಡ್ಡ ದೇಶಗಳೆಲ್ಲ ತಿರುಗಿಬಿದ್ದವು. ಕೊನೆಗೆ ಯೂರೋಪಿನ ಒಳಗೇ ಹಾರುವ ವಿಮಾನಗಳು ಮಾತ್ರ ಲೆಕ್ಕದಲ್ಲಿ ಉಳಿದವು.

ಒಂದೇ ದರ ಹಾಕಿದರೆ ಉದ್ಯಮ ಮುಳುಗುತ್ತದೆಯೇ? ಸ್ವೀಡನ್ 1991ರಲ್ಲಿ ಕಾರ್ಬನ್ ತೆರಿಗೆ, ಅಂದರೆ ಹೊಗೆಯ ಮೇಲಿನ ತೆರಿಗೆ ತಂದಿತು. 1993ರಲ್ಲಿ ಹೆದರಿ ಉದ್ಯಮಗಳ ದರವನ್ನು ಕಾಲುಭಾಗಕ್ಕೆ ಇಳಿಸಿತು. ಆಮೇಲೆ ನಿಧಾನವಾಗಿ ಏರಿಸುತ್ತಾ ಬಂದು 2018ರಲ್ಲಿ, ಯೂರೋಪಿನ ಪರವಾನಗಿ ವ್ಯವಸ್ಥೆಯ ಹೊರಗಿರುವ ಕಾರ್ಖಾನೆಗಳಿಗೂ ಉಳಿದವರ ದರವನ್ನೇ ಮಾಡಿತು. ಅಷ್ಟರೊಳಗೆ ಆ ದೇಶದ ಹೊಗೆ 1990ಕ್ಕಿಂತ ಕಾಲುಭಾಗದಷ್ಟು ಇಳಿದಿತ್ತು. ಆರ್ಥಿಕತೆ ಬೆಳೆಯುತ್ತಲೇ ಇತ್ತು.

ಇದೆಲ್ಲ ಹೊಗೆ ಕಾಣುವ ಉದ್ಯಮಗಳ ಮಾತಾಯಿತು. ನನಗೆ ಜಾಸ್ತಿ ಸಿಟ್ಟು ಬರುವುದು ಹೊಗೆ ಕಾಣದವರ ಮೇಲೆ. ಬ್ಯಾಂಕಿನ ವಾರ್ಷಿಕ ವರದಿ ನೋಡಿ. ಮುಖಪುಟದಲ್ಲಿ ಒಂದು ಹಸಿರು ಎಲೆ. ಒಳಗೆ ಎಷ್ಟು ಕಾಗದ ಉಳಿಸಿದೆವು, ಎಷ್ಟು ಎಲ್‌ಇಡಿ ಬಲ್ಬ್ ಹಾಕಿದೆವು ಎಂಬ ವಿವರ. ಕಲ್ಲಿದ್ದಲು ಗಣಿಗೆ ಕೊಟ್ಟ ಸಾಲದ ಹೊಗೆ ಎಲ್ಲಿ? 2001ರಲ್ಲಿ ಬಂದ ಹಸಿರುಮನೆ ಅನಿಲ ಲೆಕ್ಕದ ಮಾನದಂಡ ಹೊಗೆಯನ್ನು ಮೂರು ಪಾಲು ಮಾಡುತ್ತದೆ. ಸ್ಕೋಪ್ 1 ಅಂದರೆ ನಮ್ಮ ಚಿಮಣಿಯದ್ದು. ಸ್ಕೋಪ್ 2 ನಾವು ಕೊಂಡ ವಿದ್ಯುತ್ತಿನದ್ದು. ಸ್ಕೋಪ್ 3 ನಮ್ಮ ಹಿಂದೆ ಮುಂದೆ ಇರುವವರದ್ದು, ಅಂದರೆ ಸರಕು ಕೊಟ್ಟವರು, ಕೊಂಡವರು, ನಮ್ಮ ಸಾಲ ಪಡೆದವರು. ಬ್ಯಾಂಕಿನ ಹೊಗೆಯೆಲ್ಲ ಇರುವುದು ಮೂರನೆಯದರಲ್ಲಿ. ಮೊದಲೆರಡನ್ನು ಮಾತ್ರ ತೋರಿಸಿದರೆ ಬ್ಯಾಂಕಿನಷ್ಟು ಸಾಧು ಪ್ರಾಣಿ ಇನ್ನೊಂದಿಲ್ಲ.

ಸಾಫ್ಟ್‌ವೇರ್ ಕೂಡ ಹೀಗೇ ಸಾಧುವಾಗಿ ಕಾಣುತ್ತಿತ್ತು. 2024ರಲ್ಲಿ ಜಗತ್ತಿನ ಡೇಟಾ ಸೆಂಟರುಗಳು (ಸಾಫ್ಟ್‌ವೇರ್ ಓಡಿಸುವ ಕಂಪ್ಯೂಟರುಗಳ ಕಟ್ಟಡಗಳು) ಸುಮಾರು 415 ಟೆರಾವ್ಯಾಟ್ ಅವರ್ ವಿದ್ಯುತ್ ತಿಂದವು ಎಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಅಂದಾಜು ಮಾಡಿದೆ. ಅದು ಜಗತ್ತಿನ ಒಟ್ಟು ವಿದ್ಯುತ್ ಬಳಕೆಯ ಶೇ. 1.5ರಷ್ಟು. 2019ಕ್ಕೆ ಹೋಲಿಸಿದರೆ 2023ರಲ್ಲಿ ತನ್ನ ಹೊಗೆ ಶೇ. 48ರಷ್ಟು ಏರಿದೆ ಎಂದು ಗೂಗಲ್ ತಾನೇ ವರದಿ ಮಾಡಿತು. ಇದು ನಮಗೆ ಗೊತ್ತಾದದ್ದು ಅವರೂ ಎಲ್ಲರ ಅಳತೆಗೋಲನ್ನೇ ಹಿಡಿದದ್ದರಿಂದ. ತೂಗಿಸಿಕೊಳ್ಳುವವನೇ ತೂಕದ ಬಟ್ಟನ್ನೂ ಜೇಬಿನಲ್ಲಿ ತಂದಿದ್ದರೆ ಗೊತ್ತಾಗುತ್ತಿರಲಿಲ್ಲ.

ಇನ್ನೊಂದು ಕಾರಣ ಇದೆ. ನನ್ನ ಮಟ್ಟಿಗೆ ಅದೇ ದೊಡ್ಡದು. ಸಿಮೆಂಟಿಗೆ ಸಿಮೆಂಟಿನ ಗುರಿ, ವಿಮಾನಕ್ಕೆ ವಿಮಾನದ ಗುರಿ ಅಂತ ಇಟ್ಟರೆ, ಪ್ರತಿಯೊಬ್ಬರೂ ತಮ್ಮ ಮನೆಯೊಳಗೇ ಸ್ವಲ್ಪ ಸ್ವಲ್ಪ ಸರಿ ಮಾಡಿಕೊಳ್ಳುತ್ತಾರೆ. ಸಿಮೆಂಟಿನವನು ಗೂಡನ್ನು ಸುಧಾರಿಸುತ್ತಾನೆ. ವಿಮಾನದವನು ರೆಕ್ಕೆಯ ತುದಿ ಬಗ್ಗಿಸುತ್ತಾನೆ. ಆದರೆ ಈ ಗೋಡೆಗೆ ಇಷ್ಟು ಕಾಂಕ್ರೀಟ್ ಬೇಕಿತ್ತೇ, ಮರ ಸಾಕಾಗುತ್ತಿತ್ತೇ ಅಂತ ಯಾರೂ ಕೇಳುವುದಿಲ್ಲ. ರೈಲಿನಲ್ಲಿ ಹೋಗಬಹುದಾಗಿದ್ದ ದಾರಿಗೆ ವಿಮಾನ ಏಕೆ ಅಂತಲೂ ಕೇಳುವುದಿಲ್ಲ. ಅದು ಯಾವ ವಲಯದ ಗುರಿಯೂ ಅಲ್ಲವಲ್ಲ! ಒಂದು ಟನ್ ಹೊಗೆಗೆ ಎಲ್ಲ ಕಡೆ ಒಂದೇ ಬೆಲೆ ಇದ್ದರೆ ಈ ಪ್ರಶ್ನೆಯನ್ನು ಯಾವ ಅಧಿಕಾರಿಯೂ ಕೇಳಬೇಕಿಲ್ಲ. ಮನೆ ಕಟ್ಟಿಸುವವನ ಬಿಲ್ಲೇ ಕೇಳುತ್ತದೆ.

ವಿರೋಧ: ಬೇಡ, ಒಂದೇ ಗೋಲಿನಿಂದ ಎಲ್ಲವನ್ನೂ ಅಳೆಯಲಾಗದು

ನೂರು ಕಿಲೋ ಶುದ್ಧ ಸುಣ್ಣದ ಕಲ್ಲು ತೆಗೆದುಕೊಳ್ಳಿ. ಗೂಡಿನಲ್ಲಿ ಸುಡಿ. ಕೊನೆಗೆ ಕೈಗೆ ಸಿಗುವುದು 56 ಕಿಲೋ ಸುಣ್ಣ. ಉಳಿದ 44 ಕಿಲೋ ಕಾರ್ಬನ್ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ. ಕಲ್ಲಿದ್ದಲಿನ ಬದಲು ಬಿಸಿಲಿನಿಂದಲೇ ಗೂಡು ಕಾಯಿಸಿದರೂ ಆ 44 ಕಿಲೋ ಹೋಗಿಯೇ ಹೋಗುತ್ತದೆ. ಅದು ಕಲ್ಲಿನೊಳಗೇ ಇದ್ದದ್ದು. ಸಿಮೆಂಟಿನ ಹೊಗೆಯಲ್ಲಿ ಸುಮಾರು ಶೇ. 60 ಇಂಥದ್ದು. ವಿದ್ಯುತ್ ಕಂಪನಿಗೆ ಹೀಗಿಲ್ಲ. ಕಲ್ಲಿದ್ದಲು ಬಿಟ್ಟು ಸೌರಫಲಕ, ಗಾಳಿಯಂತ್ರಕ್ಕೆ ಹೋಗುವ ದಾರಿ ಅದರ ಮುಂದೆ ತೆರೆದೇ ಇದೆ, ಅಗ್ಗವೂ ಆಗಿದೆ. ಇಬ್ಬರಿಗೂ ಒಂದೇ ದರ ಹಾಕಿದರೆ ಒಬ್ಬ ಬದಲಾಗುತ್ತಾನೆ. ಇನ್ನೊಬ್ಬ ಸುಮ್ನೆ ದಂಡ ಕಟ್ಟಿ, ಅದನ್ನು ಗಿರಾಕಿಯ ಮೇಲೆ ಹಾಕಿ, ಅದೇ ಕಲ್ಲನ್ನು ಸುಡುತ್ತಾನೆ. ಮರದ ಗೋಡೆ ಕಟ್ಟಬಹುದು, ಒಪ್ಪಿದೆ. ಮರದ ಅಣೆಕಟ್ಟು ಕಟ್ಟುತ್ತೀರಾ? ಸಿಮೆಂಟಿಗೆ ಬೇಕಿರುವುದು ಬೇರೆ ರಸಾಯನಶಾಸ್ತ್ರ. ಅದಕ್ಕೆ ಸಂಶೋಧನೆಗೆ ಹಣ, ಹೊಸ ಮಿಶ್ರಣವನ್ನು ಒಪ್ಪುವ ಕಟ್ಟಡ ನಿಯಮ, ಹೊಗೆ ಹಿಡಿಯುವ ಯಂತ್ರ ಬೇಕು. ಅಂದರೆ ಅದಕ್ಕೇ ಅಂತ ಮಾಡಿದ ನಿಯಮ.

ಅದಿರಲಿ. ‘ಒಂದೇ ಅಳತೆ’ ಅಂದಾಗ ಅಳೆಯುವುದು ಏನನ್ನು? ಪರ ವಾದ ಪೂರ್ತಿ ಹೊಗೆಯ ಸುತ್ತಲೇ ತಿರುಗಿತು, ಗಮನಿಸಿದಿರಾ? ಕಾರ್ಬನ್‌ಗೆ ಒಂದೇ ದರ ಅನ್ನುವುದು ಸುಲಭ. ಒಂದು ಟನ್ ಎಲ್ಲಿ ಬಿಟ್ಟರೂ ಆಕಾಶಕ್ಕೆ ಒಂದೇ. ನೀರು ಹಾಗಲ್ಲ. ಮಳೆ ಸುರಿಯುವ ಕಡೆ ಸಾವಿರ ಲೀಟರ್ ನೀರಿನಲ್ಲಿ ಹತ್ತಿ ಬೆಳೆದರೆ ಯಾರಿಗೂ ನಷ್ಟವಿಲ್ಲ. 1960ರ ದಶಕದಿಂದ ಸೋವಿಯತ್ ಒಕ್ಕೂಟ ಅಮು ದರಿಯಾ, ಸಿರ್ ದರಿಯಾ ನದಿಗಳನ್ನು ಹತ್ತಿ ಹೊಲಗಳಿಗೆ ತಿರುಗಿಸಿತು. ಅರಾಲ್ ಸಮುದ್ರದ ಬಹುಪಾಲು ಬತ್ತಿಹೋಯಿತು. ಮೀನು ಹಿಡಿಯುವ ದೋಣಿಗಳು ಮರಳಿನಲ್ಲಿ ಕೂತವು. ಸಾವಿರ ಲೀಟರ್ ಇಲ್ಲೂ ಸಾವಿರ, ಅಲ್ಲೂ ಸಾವಿರ. ಅಳತೆಗೋಲಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ.

ಇನ್ನು ವಿಷ. ಜಪಾನಿನ ಮಿನಾಮಾಟಾ ಎಂಬ ಊರಲ್ಲಿ ಚಿಸ್ಸೊ ಕಂಪನಿಯ ರಾಸಾಯನಿಕ ಕಾರ್ಖಾನೆ ಪಾದರಸ ಬೆರೆತ ನೀರನ್ನು ಕೊಲ್ಲಿಗೆ ಬಿಡುತ್ತಿತ್ತು. ಪಾದರಸ ಮೀನಿಗೆ ಸೇರಿತು, ಮೀನಿನಿಂದ ಮನುಷ್ಯರಿಗೆ. ಕೈಕಾಲು ನಡುಗುವ, ಮಾತು ತೊದಲುವ, ಕಣ್ಣಿನ ದೃಷ್ಟಿ ಕಿರಿದಾಗುವ ಕಾಯಿಲೆ. ಮೊದಲು ಬೆಕ್ಕುಗಳು ವಿಚಿತ್ರವಾಗಿ ಕುಣಿದು ಸತ್ತವು. 1956ರಲ್ಲಿ ಕಾಯಿಲೆ ಅಧಿಕೃತವಾಗಿ ದಾಖಲಾಯಿತು. ಪಾದರಸ ಬಿಡುವುದು ನಿಂತದ್ದು 1968ರಲ್ಲಿ. ಆ ಕಾರ್ಖಾನೆಗೆ ಇವತ್ತಿನ ಕಾರ್ಬನ್ ವರದಿ ಬರೆಸಿದ್ದರೆ ಏನು ಬರುತ್ತಿತ್ತು? ಸ್ಕೋಪ್ 1 ಇಷ್ಟು, ಸ್ಕೋಪ್ 2 ಇಷ್ಟು. ಪಾದರಸಕ್ಕೆ ಅಲ್ಲಿ ಕಾಲಮ್ಮೇ ಇಲ್ಲ. ಅಲ್ಲಿ ಬೇಕಿದ್ದದ್ದು ‘ಪಾದರಸ ಬಿಡಬೇಡ’ ಅನ್ನುವ ಒಂದೇ ಸಾಲು. ಆ ಸಾಲಿನಿಂದ ಬ್ಯಾಂಕಿಗೆ ಏನೂ ಆಗಬೇಕಿಲ್ಲ.

ಸ್ಕೋಪ್ 3 ಬಗ್ಗೆಯೂ ಒಂದು ಮಾತು. ಕೇಳಲು ಚೆನ್ನಾಗಿದೆ. ಒಂದು ಅಂಗಿಯ ಹೊಗೆಯನ್ನು ನೂಲಿನ ಗಿರಣಿ ತನ್ನದೆಂದು ಬರೆಯುತ್ತದೆ, ಬಣ್ಣ ಹಾಕುವವನು ಬರೆಯುತ್ತಾನೆ, ಬ್ರ್ಯಾಂಡಿನವರು, ಅಂಗಡಿಯವರು ಎಲ್ಲ ಬರೆಯುತ್ತಾರೆ. ಒಂದೇ ಹೊಗೆ ನಾಲ್ಕು ಪುಸ್ತಕದಲ್ಲಿ. ಅದರಲ್ಲೂ ಬಹುಪಾಲು ಅಳೆದದ್ದಲ್ಲ, ‘ಇಂಥ ಬಟ್ಟೆಗೆ ಸರಾಸರಿ ಇಷ್ಟು’ ಅಂತ ಕೋಷ್ಟಕ ನೋಡಿ ಗುಣಿಸಿದ್ದು. ಸಣ್ಣ ಡೈಯಿಂಗ್ ಘಟಕದವನಿಗೆ ಐದು ಬ್ರ್ಯಾಂಡುಗಳಿಂದ ಐದು ಪ್ರಶ್ನಾವಳಿ ಬರುತ್ತದೆ. ಅವನು ಫಾರಂ ತುಂಬಲು ಒಬ್ಬನನ್ನು ಇಟ್ಟುಕೊಳ್ಳುತ್ತಾನೆ. ಬಣ್ಣದ ನೀರು ಶುದ್ಧ ಮಾಡಲು ಇಟ್ಟುಕೊಳ್ಳಬಹುದಾಗಿದ್ದ ಮನುಷ್ಯ ಅವನು.

ಎಲ್ಲರಿಗೂ ಒಂದೇ ಪರೀಕ್ಷೆ ಇಟ್ಟರೆ ಪರೀಕ್ಷೆಗೆ ಮಾತ್ರ ಓದುವವರೂ ಹುಟ್ಟುತ್ತಾರೆ. 2015ರಲ್ಲಿ ಫೋಕ್ಸ್‌ವ್ಯಾಗನ್ ಸಿಕ್ಕಿಬಿದ್ದದ್ದು ಹೀಗೆ. ಹೊಗೆ ಪರೀಕ್ಷೆ ನಡೆಯುತ್ತಿದೆ ಎಂದು ಕಾರಿನ ಸಾಫ್ಟ್‌ವೇರಿಗೆ ಗೊತ್ತಾಗುತ್ತಿತ್ತು. ಆಗ ಕಾರು ಸಂಭಾವಿತನಂತೆ ಉಸಿರಾಡುತ್ತಿತ್ತು, ರಸ್ತೆಗಿಳಿದರೆ ಬೇರೆಯೇ ಅವತಾರ. ಜಗತ್ತಿನಲ್ಲಿ ಅಂಥ ಡೀಸೆಲ್ ಕಾರುಗಳು ಸುಮಾರು 1.1 ಕೋಟಿ.

ಹಾಗಾದರೆ ನಿಜವಾಗಿ ಫಲ ಕೊಟ್ಟದ್ದು ಯಾವುದು? ಪೆಟ್ರೋಲಿಗೆ ಸೀಸ ಬೆರೆಸುವುದನ್ನು ದೇಶಗಳು ಒಂದೊಂದಾಗಿ ನಿಲ್ಲಿಸಿದವು. ಕೊನೆಯದು ಅಲ್ಜೀರಿಯಾ, 2021ರಲ್ಲಿ. ಹಡಗಿನ ಇಂಧನದಲ್ಲಿ ಗಂಧಕದ ಮಿತಿಯನ್ನು 2020ರ ಜನವರಿಯಿಂದ ಶೇ. 3.5ರಿಂದ ಶೇ. 0.5ಕ್ಕೆ ಇಳಿಸಿದರು. (ಕೆಲವು ಹಡಗಿನವರು ಹೊಗೆಯನ್ನು ಸಮುದ್ರದ ನೀರಲ್ಲಿ ತೊಳೆದು, ಆ ನೀರನ್ನು ಸಮುದ್ರಕ್ಕೇ ಬಿಡಲು ಶುರು ಮಾಡಿದರು. ನಿಯಮ ಗಾಳಿಯ ಮೇಲಿತ್ತಲ್ಲ! ವಲಯದ ನಿಯಮಕ್ಕೂ ತೂತುಗಳಿವೆ, ಇಲ್ಲ ಅನ್ನುವುದಿಲ್ಲ.)

ಎಲ್ಲಕ್ಕಿಂತ ದೊಡ್ಡ ಉದಾಹರಣೆ 1987ರ ಮಾಂಟ್ರಿಯಲ್ ಒಪ್ಪಂದ. ಓಝೋನ್ ಪದರವನ್ನು ತಿನ್ನುವ ಸಿಎಫ್‌ಸಿ ಅನಿಲಗಳನ್ನು ನಿಲ್ಲಿಸಲು ಮಾಡಿಕೊಂಡದ್ದು. ಫ್ರಿಜ್, ಏಸಿ, ಫೋಮ್, ಸ್ಪ್ರೇ ಡಬ್ಬಿ, ಎಲೆಕ್ಟ್ರಾನಿಕ್ಸ್ ಬಿಡಿಭಾಗ ತೊಳೆಯುವ ದ್ರಾವಣ, ಆಸ್ತಮಾದ ಇನ್‌ಹೇಲರ್ ಎಲ್ಲದರಲ್ಲೂ ಇದೇ ಅನಿಲ. ಬಾಡಿ ಸ್ಪ್ರೇಗೂ ಇನ್‌ಹೇಲರಿಗೂ ಒಂದೇ ನಿಯಮ ಅನ್ನಲಿಲ್ಲ. ಬದಲಿ ಸುಲಭವಾಗಿ ಸಿಗುವ ಕಡೆ ಬೇಗ ನಿಲ್ಲಿಸಿದರು. ಉಸಿರಾಟದ ಪ್ರಶ್ನೆ ಇದ್ದ ಕಡೆ ಸಮಯ ಕೊಟ್ಟರು. ಅಭಿವೃದ್ಧಿಶೀಲ ದೇಶಗಳಿಗೆ ಹತ್ತು ವರ್ಷ ಜಾಸ್ತಿ ಕೊಟ್ಟರು, ಖರ್ಚಿಗೆ ನಿಧಿ ಮಾಡಿದರು. 2009ರ ಹೊತ್ತಿಗೆ ವಿಶ್ವಸಂಸ್ಥೆಯ ಎಲ್ಲ ದೇಶಗಳೂ ಸೇರಿದ್ದವು. ಈಗಿನ ನಿಯಮಗಳು ಹೀಗೇ ಮುಂದುವರಿದರೆ ಅಂಟಾರ್ಕ್ಟಿಕಾದ ಮೇಲಿನ ಓಝೋನ್ ಸುಮಾರು 2066ಕ್ಕೆ 1980ರ ಮಟ್ಟಕ್ಕೆ ಮರಳುತ್ತದೆ ಎಂದು 2022ರ ವೈಜ್ಞಾನಿಕ ಪರಿಶೀಲನೆ ಅಂದಾಜು ಮಾಡಿದೆ. ಎಲ್ಲರಿಗೂ ಒಂದೇ ಅಳತೆ ಎಂದು ಹಠ ಹಿಡಿದಿದ್ದರೆ ಆಸ್ತಮಾ ರೋಗಿಗಳನ್ನು ಮುಂದೆ ಮಾಡಿಕೊಂಡು ಸ್ಪ್ರೇ ಕಂಪನಿಗಳೂ ಸಮಯ ಕೇಳುತ್ತಿದ್ದವು.

ವಿಮಾನದ ಇಂಧನದ ಪ್ರಶ್ನೆಗೆ ಮಾತ್ರ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಇನ್‌ಹೇಲರಿಗೆ ಕೊಟ್ಟದ್ದೂ ರಿಯಾಯಿತಿಯೇ. ಆದರೆ ಅಮೆರಿಕದಲ್ಲಿ ಸಿಎಫ್‌ಸಿ ಇರುವ ಸಾಲ್ಬ್ಯುಟಮಾಲ್ (ಆಸ್ತಮಾದ ಔಷಧ) ಇನ್‌ಹೇಲರಿಗೆ ಒಂದು ಕೊನೆಯ ದಿನ ಗೊತ್ತು ಮಾಡಿದ್ದರು, 2008ರ ಡಿಸೆಂಬರ್ 31. ಹೊಸದು ದುಬಾರಿ ಎಂದು ರೋಗಿಗಳು ದೂರಿದರು, ಅದು ನಿಜವೂ ಆಗಿತ್ತು. ಆದರೂ ಆ ದಿನ ಹಳೆಯದು ನಿಂತಿತು. ಶಿಕಾಗೋದ 24ನೇ ವಿಧಿಯಲ್ಲಿ ಅಂಥ ದಿನಾಂಕ ಬರೆದಿಲ್ಲ.