ಟ್ರಾನ್ಸಿಸ್ಟರ್ ಎಂಬ ಹೆಸರಿನೊಳಗಿನ ಲೆಕ್ಕ

ಟ್ರಾನ್ಸಿಸ್ಟರ್ ಎಂದರೆ ‘ಟ್ರಾನ್ಸ್‌ಫರ್ ರೆಸಿಸ್ಟರ್’ (ವರ್ಗಾವಣೆ ರೋಧಕ) ಎಂಬುದರ ಮೊಟಕು ರೂಪ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಗಿಟ್ಟಿಸಿದವರಲ್ಲಿ ನಾನೂ ಒಬ್ಬ. ಆ ವಿವರಣೆ ಪೂರ್ತಿ ಸುಳ್ಳೇನಲ್ಲ. ಆದರೆ ಹೆಸರಿಟ್ಟವರ ತಲೆಯಲ್ಲಿ ಓಡಿದ ಲೆಕ್ಕವನ್ನು ಅದು ಮುಚ್ಚಿಹಾಕುತ್ತದೆ ಎಂಬುದೇ ನನ್ನ ತಕರಾರು.

1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಜಾನ್ ಬಾರ್ಡೀನ್ ಮತ್ತು ವಾಲ್ಟರ್ ಬ್ರಾಟೈನ್ ಜರ್ಮೇನಿಯಂ ತುಣುಕೊಂದರಿಂದ ವಿದ್ಯುತ್ ಸಂಕೇತವನ್ನು ವರ್ಧಿಸಿ ತೋರಿಸಿದಾಗ ಆ ಸಾಧನಕ್ಕಿನ್ನೂ ನಾಮಕರಣವಾಗಿರಲಿಲ್ಲ. ಮರುವರ್ಷದ ಮೇ ತಿಂಗಳಲ್ಲಿ ಅಲ್ಲಿನವರ ನಡುವೆ ಮತಪತ್ರವೊಂದು ಹರಿದಾಡಿತು. ಕ್ರಿಸ್ಟಲ್ ಟ್ರಯೋಡ್, ಸಾಲಿಡ್ ಟ್ರಯೋಡ್ ಮುಂತಾದ ಸಪ್ಪೆ ಹೆಸರುಗಳ ಜೊತೆಗೆ ಅದರಲ್ಲಿ ‘ಅಯೊಟಾಟ್ರಾನ್’ ಎಂಬುದೂ ಇತ್ತು. ಅದು ಗೆಲ್ಲದಿದ್ದದ್ದು ನಮ್ಮ ನಾಲಿಗೆಯ ಪುಣ್ಯ. ಗೆದ್ದದ್ದು ಅಲ್ಲಿನ ಎಂಜಿನಿಯರ್ ಜಾನ್ ಪಿಯರ್ಸ್ ಸೂಚಿಸಿದ ಹೆಸರು. ಬೇರೊಂದು ಹೆಸರಿನಲ್ಲಿ ವೈಜ್ಞಾನಿಕ ಕಥೆಗಳನ್ನೂ ಬರೆಯುತ್ತಿದ್ದ ಆತನಿಗೆ ಪದಗಳ ರುಚಿ ಗೊತ್ತಿತ್ತು.

ಪಿಯರ್ಸ್ ಮುಂದೆ ನೆನಪಿಸಿಕೊಂಡ ಪ್ರಕಾರ, ಆತ ಹೊರಟದ್ದು ಅದುವರೆಗೆ ಸಂಕೇತ ವರ್ಧಿಸುತ್ತಿದ್ದ ನಿರ್ವಾತ ನಳಿಕೆಯಿಂದ (ವ್ಯಾಕ್ಯೂಮ್ ಟ್ಯೂಬ್). ನಳಿಕೆಯಲ್ಲಿ ಒಳಬದಿಯ ವೋಲ್ಟೇಜು ಹೊರಬದಿಯ ಪ್ರವಾಹವನ್ನು ಆಳುತ್ತದೆ. ಆ ಗುಣದ ಹೆಸರು ಟ್ರಾನ್ಸ್‌ಕಂಡಕ್ಟೆನ್ಸ್. ಹೊಸ ಸಾಧನವನ್ನು ನಳಿಕೆಯ ಪ್ರತಿಬಿಂಬದಂತೆ ಕಂಡರೆ ವೋಲ್ಟೇಜು ಮತ್ತು ಪ್ರವಾಹ ಜಾಗ ಬದಲಿಸಿಕೊಳ್ಳುತ್ತವೆ, ಗುಣವು ಟ್ರಾನ್ಸ್‌ರೆಸಿಸ್ಟೆನ್ಸ್ ಆಗುತ್ತದೆ. ಅದರ ಬಾಲವನ್ನು ಆಗಲೇ ಬಳಕೆಯಲ್ಲಿದ್ದ, ರೋಧ ಬದಲಾಗುವ ಬಿಡಿಭಾಗಗಳಾದ ವೇರಿಸ್ಟರ್, ಥರ್ಮಿಸ್ಟರ್‌ಗಳ ಅಚ್ಚಿಗೆ ಹೊಂದಿಸಿದರೆ ಟ್ರಾನ್ಸಿಸ್ಟರ್ ಸಿದ್ಧ. ಮತಪತ್ರದ ವಿವರಣೆಯೂ ‘ಟ್ರಾನ್ಸ್‌ಕಂಡಕ್ಟೆನ್ಸ್’ ಅಥವಾ ‘ಟ್ರಾನ್ಸ್‌ಫರ್’ ಜೊತೆ ‘ವೇರಿಸ್ಟರ್’ ಕೂಡಿದೆ ಎಂದೇ ಹೇಳುತ್ತದೆ. ಅಂದರೆ ‘ಟ್ರಾನ್ಸ್‌ಫರ್’ ಅಲ್ಲಿ ಎರಡರಲ್ಲಿ ಒಂದು ಆಯ್ಕೆ ಮಾತ್ರ, ಬಿಡಿಯಾದ ‘ರೆಸಿಸ್ಟರ್’ ಇಲ್ಲವೇ ಇಲ್ಲ. ವೇರಿಸ್ಟರ್ ಕೂಡ ‘ವೇರಿಯಬಲ್ ರೆಸಿಸ್ಟರ್’ ಬೆಸೆದು ಆದದ್ದರಿಂದ ಇದು ಬೆಸುಗೆಯ ಮೇಲಿನ ಬೆಸುಗೆ.

ಹಿರಿದು ಎಂಬುದು ಮರದೊಡನೆ ಸೇರಿ ಹೆಮ್ಮರವಾಗುವಾಗ ಸವೆಯುವುದನ್ನು ನಾವು ಬಲ್ಲೆವು. ಆದರೆ ಅಲ್ಲಿ ಮರ ಇಡಿಯಾಗಿಯೇ ಉಳಿಯುತ್ತದೆ. ಇಲ್ಲಿ ಎರಡೂ ಪದಗಳಿಗೆ ಕತ್ತರಿ ಬೀಳುವುದರಿಂದ ಕಳೆದುಹೋದ ತುಂಡು ಯಾವುದೆಂದು ಊಹಿಸುವವರು ಕೈಗೆ ಸಿಕ್ಕ ಪದವನ್ನೇ ತುಂಬಿಬಿಡುತ್ತಾರೆ.

ಕತ್ತರಿಸಿದ ‘ಇಸ್ಟರ್’ ಎಂಬ ಆ ಬಾಲಕ್ಕಂತೂ ಆಮೇಲೆ ಸ್ವಂತ ಬದುಕೇ ಸಿಕ್ಕಿತು. ಸ್ವಿಚ್ಚಿನಂತೆ ಕೆಲಸ ಮಾಡುವ ಅನಿಲ ತುಂಬಿದ ನಳಿಕೆಯಾದ ಥೈರಟ್ರಾನಿನ ತಲೆಗೆ ಟ್ರಾನ್ಸಿಸ್ಟರಿನ ಬಾಲ ಅಂಟಿ, ಅದೇ ಕೆಲಸದ ಅರೆವಾಹಕ ಸಾಧನವಾದ ಥೈರಿಸ್ಟರ್ ಬಂತು. 1971ರಲ್ಲಿ ಎಂಜಿನಿಯರ್ ಲಿಯಾನ್ ಚುವಾ ನೆನಪಿಟ್ಟುಕೊಳ್ಳುವ ರೋಧಕವೊಂದನ್ನು ಕಾಗದದ ಮೇಲೆ ಕಲ್ಪಿಸಿದಾಗ ಅದು ಮೆಮ್ರಿಸ್ಟರ್ ಆಯಿತು.