ಕಣ್ಣೀರು ಕನ್ನಡದಲ್ಲಿ, ಷರತ್ತು ಇಂಗ್ಲಿಷಿನಲ್ಲಿ

ಪ್ರೆಶರ್ ಕುಕ್ಕರಿಗೆ ಐವತ್ತು ಶಬ್ದಗಳ ಜಾಹೀರಾತು ಬರೆಯಿರಿ ಎಂದು ಕಳೆದ ವಾರ ತರಗತಿಯಲ್ಲಿ ಹೇಳಿದರು. ಐದು ಲೀಟರ್ ಹಿಡಿಯುತ್ತದೆ, ತಳ ದಪ್ಪ, ರಬ್ಬರ್ ಬೇಗ ಸಡಿಲಾಗುವುದಿಲ್ಲ, ಹಿಡಿಕೆ ಸುಡುವುದಿಲ್ಲ ಎಂದು ಬರೆದುಕೊಟ್ಟೆ. ಹಾಳೆ ಮರಳಿ ಬಂದಾಗ ಅದರ ಮೇಲೆ ಕೆಂಪು ಶಾಯಿಯಲ್ಲಿ ಎರಡೇ ಶಬ್ದ: "ಭಾವನೆ ಎಲ್ಲಿ?"

ಎರಡನೆಯ ಸಲ ಕುಕ್ಕರನ್ನು ಪಕ್ಕಕ್ಕಿಟ್ಟೆ. ಹಳ್ಳಿಯ ಮನೆ, ಮುಸ್ಸಂಜೆ, ಒಬ್ಬಳೇ ತಾಯಿ. ಬೆಂಗಳೂರು ಸೇರಿದ ಮಗನಿಂದ ಫೋನಿಲ್ಲ. ಕುಕ್ಕರ್ ಸೀಟಿ ಹೊಡೆಯುತ್ತದೆ. ಮಗ ಬರುವ ರೈಲೆಂದು ಅವಳು ಬಾಗಿಲಿಗೆ ಓಡುತ್ತಾಳೆ. ಹತ್ತಕ್ಕೆ ಒಂಬತ್ತು ಅಂಕ ಬಂತು. ಉಳಿದ ಒಂದು ಎಲ್ಲಿ ಹೋಯಿತೆಂದು ಕೇಳಿದೆ. ತಾಯಿ ಹೊಸ್ತಿಲಲ್ಲಿ ಎಡವಬೇಕಿತ್ತಂತೆ.

ಈ ವಿದ್ಯೆಗೆ ಮೂಲಪುರುಷ ಅರಿಸ್ಟಾಟಲ್ ಎಂದು ನಮ್ಮ ನೋಟ್ಸಿನಲ್ಲಿದೆ. ಮಾತಿನಿಂದ ಒಲಿಸಲು 'ರೆಟರಿಕ್' ಎಂಬ ಗ್ರಂಥದಲ್ಲಿ ಅವನು ಹೇಳಿದ ದಾರಿಗಳು ಮೂರು: ಹೇಳುವವನ ನಡತೆ, ಕೇಳುವವನ ಭಾವನೆ, ಮಾತಿನೊಳಗಿನ ತರ್ಕ. ನೋಟ್ಸಿನಲ್ಲಿ ಇಲ್ಲದ ಸಂಗತಿ ಗ್ರಂಥಾಲಯದಲ್ಲಿ ಸಿಕ್ಕಿತು. ಅದೇ ಗ್ರಂಥದ ಮೊದಲ ಅಧ್ಯಾಯದಲ್ಲಿ ಅವನು, ನ್ಯಾಯ ಹೇಳುವವನ ಮನಸ್ಸನ್ನು ಸಿಟ್ಟು, ಅಸೂಯೆ, ಕನಿಕರಗಳಿಂದ ಕೆಡಿಸುವುದು ಅಳೆಯುವ ಮೊದಲೇ ಅಳತೆಗೋಲನ್ನು ಸೊಟ್ಟ ಮಾಡಿದಂತೆ ಎಂದೂ ಎಚ್ಚರಿಸಿದ್ದಾನೆ. ಪರೀಕ್ಷೆಗೆ ಅದು ಬರುವುದಿಲ್ಲ, ಬಿಡಿ.

ಸೊಟ್ಟ ಅಳತೆಗೋಲುಗಳ ಸಂತೆ ನೋಡಬೇಕೆಂದರೆ ಧಾರವಾಡದ ಸಪ್ತಾಪುರಕ್ಕೆ ಬನ್ನಿ. ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಎಂದು ಸರ್ಕಾರಿ ನೌಕರಿಯ ಕನಸು ಕಟ್ಟಿಕೊಂಡು ಹತ್ತಾರು ಜಿಲ್ಲೆಗಳಿಂದ ಬಂದ ಹುಡುಗ ಹುಡುಗಿಯರು ಅಲ್ಲಿ ಕೋಣೆ ಹಿಡಿದಿದ್ದಾರೆ. ಅವರ ತಲೆಯ ಮೇಲೆ ಆಕಾಶಕ್ಕಿಂತ ತರಬೇತಿ ಕೇಂದ್ರಗಳ ಫಲಕಗಳೇ ಹೆಚ್ಚು. ನನ್ನ ಕೋಣೆಯ ಕಿಟಕಿ ತೆರೆದರೆ ಒಂದು ಫಲಕ ಕಾಣುತ್ತದೆ. ಬಿರುಕು ಬಿಟ್ಟ ಕರಿಮಣ್ಣು, ಹೆಗಲ ಮೇಲೆ ಟವೆಲ್ ಹಾಕಿಕೊಂಡ ಅಪ್ಪ, ಪಕ್ಕದಲ್ಲಿ ಖಾಕಿ ತೊಟ್ಟ ಮಗ. ಕೆಳಗೆ ಆಳೆತ್ತರದ ಅಕ್ಷರಗಳಲ್ಲಿ: "ಅಪ್ಪ ಹೊಲ ಮಾರಿದ, ಮಗ ಅಧಿಕಾರಿಯಾದ!" ಮೊದಲ ದಿನ ನನ್ನ ಕಣ್ಣೂ ತುಂಬಿ ಬಂತು. ಮೂರನೆಯ ದಿನ ಹಲ್ಲುಜ್ಜುತ್ತಾ ನಿಂತಿದ್ದಾಗ ಹೊಳೆಯಿತು: ಹೊಲ ಮಾರಿದ ಹಣ ಯಾರ ಕೈಗೆ ಹೋಯಿತೋ ಅವರೇ ಅಲ್ಲವೇ ಈ ಫಲಕ ಹಾಕಿಸಿದವರು? ತನ್ನ ಶುಲ್ಕ ಹೊಲದ ಬೆಲೆಗೆ ಸಮವೆಂದು ಇಷ್ಟು ಹೆಮ್ಮೆಯಿಂದ ಸಾರುವ ವ್ಯಾಪಾರ ಬೇರೆ ಯಾವುದೂ ನನಗೆ ಗೊತ್ತಿಲ್ಲ. ಸಾಹುಕಾರನು ಕೂಡ ಹೊಲ ಬರೆಸಿಕೊಂಡದ್ದನ್ನು ಓಣಿಯಲ್ಲಿ ಡಂಗುರ ಸಾರುತ್ತಿರಲಿಲ್ಲ.

ಅದೇ ರಸ್ತೆಯಲ್ಲಿ ಮುಂದೆ ಹೋದರೆ ಒಬ್ಬಳೇ ಹುಡುಗಿ ಮೂರು ಫಲಕಗಳಲ್ಲಿ ನಗುತ್ತಾಳೆ. ಒಂದರಲ್ಲಿ "ನಮ್ಮ ಹೆಮ್ಮೆ", ಇನ್ನೊಂದರಲ್ಲಿ "ನಮ್ಮ ಮಗಳು", ಮೂರನೆಯದರಲ್ಲಿ "ನಾವು ರೂಪಿಸಿದ ರತ್ನ". ಹೆತ್ತವರ ಹೆಸರು ಮೂರರಲ್ಲೂ ಇಲ್ಲ. ಇಂಥದ್ದಕ್ಕೆ ಕಾನೂನಿಲ್ಲವೆಂದುಕೊಳ್ಳಬೇಡಿ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2024ರ ನವೆಂಬರಿನಲ್ಲಿ ತರಬೇತಿ ಕೇಂದ್ರಗಳಿಗೆಂದೇ ಮಾರ್ಗಸೂಚಿ ಹೊರಡಿಸಿದೆ. ತೇರ್ಗಡೆಯಾದ ಮೇಲೆ ಅಭ್ಯರ್ಥಿಯಿಂದ ಲಿಖಿತ ಒಪ್ಪಿಗೆ ಪಡೆಯದೆ ಅವರ ಫೋಟೋ ಹಾಕುವಂತಿಲ್ಲ; ಅವರು ಯಾವ ಕೋರ್ಸಿಗೆ ಸೇರಿದ್ದರೆಂದೂ ಹೇಳಬೇಕು. ಒಂದು ದಿನದ ಉಚಿತ ಮಾದರಿ ಸಂದರ್ಶನಕ್ಕೆ ಬಂದು ಚಹಾ ಕುಡಿದು ಹೋದವರನ್ನೆಲ್ಲ ರತ್ನಗಳ ಪಟ್ಟಿಗೆ ಸೇರಿಸುವುದು ಅಷ್ಟು ಸುಲಭವಲ್ಲ.

ದಾರಿ ತಪ್ಪಿಸುವ ಜಾಹೀರಾತುಗಳ ಬಗ್ಗೆ ಅದೇ ಪ್ರಾಧಿಕಾರ ಹೊರಡಿಸಿದ 2022ರ ಮಾರ್ಗಸೂಚಿ ಇನ್ನೂ ರಸವತ್ತಾಗಿದೆ. ಜಾಹೀರಾತಿನ ಹೇಳಿಕೆ ಯಾವ ಭಾಷೆಯಲ್ಲಿದೆಯೋ ಅದರ ಷರತ್ತೂ ಅದೇ ಭಾಷೆಯಲ್ಲಿ, ಅದೇ ಅಕ್ಷರಶೈಲಿಯಲ್ಲಿ ಇರಬೇಕಂತೆ. ನನ್ನ ಕಿಟಕಿಯ ಎದುರಿನ ಫಲಕದಲ್ಲಿ ಅಪ್ಪನ ಹೊಲ ಕನ್ನಡದಲ್ಲಿ ಮಾರಾಟವಾಗಿದೆ. ಕೆಳಗಿನ ಮೂಲೆಯಲ್ಲಿ ಇರುವೆ ಸಾಲಿನಂತಹ ಇಂಗ್ಲಿಷ್ ಅಕ್ಷರಗಳಿವೆ. ಕಟ್ಟಿದ ಶುಲ್ಕ ಮರಳಿ ಕೊಡುವುದಿಲ್ಲವೆಂಬುದನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ ಓದಿಕೊಂಡೆ. ಕನ್ನಡ ಭಾವನೆಗಳ ಭಾಷೆ ಎಂದು ರಾಜ್ಯೋತ್ಸವದ ಭಾಷಣಗಳಲ್ಲಿ ಏಕೆ ಹೇಳುತ್ತಾರೆಂದು ಈಗ ತಿಳಿಯಿತು.

ನಾನು ಉಣ್ಣುವ ಖಾನಾವಳಿಯ ಫಲಕದಲ್ಲೂ "ಅವ್ವನ ಕೈರುಚಿ" ಎಂದಿದೆ. ಒಳಗೆ ರೊಟ್ಟಿ ಬಡಿಯುವ ಅವ್ವನಿಗೆ ಗಿರಿಜಾ ಮೀಸೆಯಿದೆ. ರೊಟ್ಟಿ ಚೆನ್ನಾಗಿರುತ್ತದೆ, ಆ ಮಾತು ಬೇರೆ. ಆದರೆ ಚೆನ್ನಾಗಿದೆ ಎಂದಷ್ಟೇ ಬರೆದರೆ ಮಾನ ಹೋಗುತ್ತದೆಂದು ಪಾಪ ಅವರಿಗೂ ಯಾರೋ ಹೇಳಿಕೊಟ್ಟಿರಬೇಕು. ಲೈನ್ ಬಜಾರಿನಲ್ಲಿ ಪೇಢೆಗೆ ಸಾಲು ನಿಂತವರ ಎದುರು ಯಾವ ಮುದುಕಿಯೂ ಅಳುತ್ತಿರುವುದಿಲ್ಲ.

ಮೊನ್ನೆ ಸವಣೂರಿನ ಕಡೆಯ ನಮ್ಮೂರಿನಿಂದ ಅವ್ವ ಬಸ್ಸಿನಲ್ಲಿ ಬುತ್ತಿ ಕಳಿಸಿದ್ದಳು. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಒಂದು ಡಬ್ಬಿ ಗುರೆಳ್ಳು ಪುಡಿ. ಮುಟ್ಟಿತೆಂದು ಹೇಳಲು ಫೋನ್ ಮಾಡಿದವನು, ಒಂಬತ್ತು ಅಂಕದ ಜಂಬದಲ್ಲಿ ಕುಕ್ಕರಿನ ಜಾಹೀರಾತನ್ನೂ ಓದಿ ಹೇಳಿದೆ. ತಾಯಿ ಬಾಗಿಲಿಗೆ ಓಡುವಲ್ಲಿ ದನಿಯನ್ನು ಸ್ವಲ್ಪ ನಡುಗಿಸಿದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಗೆದ್ದೆ ಎಂದುಕೊಂಡೆ.

"ಅಲ್ಲಪ್ಪಾ, ಸೀಟಿ ಹೊಡೆದಾಗ ಬಾಗಿಲಿಗೆ ಓಡಿದರೆ ಒಲೆ ಆರಿಸುವವರು ಯಾರು? ಬೇಳೆ ತಳ ಹಿಡಿಯುವುದಿಲ್ಲವೇ?" ಎಂದಳು ಅವ್ವ. "ಅದಿರಲಿ, ಎಷ್ಟು ಲೀಟರಿನದು ಅದು?"

ಕೆಂಪು ಶಾಯಿಯ ಹಳೆಯ ಹಾಳೆಯನ್ನು ಹುಡುಕಿ ತೆಗೆದು ಓದಿ ಹೇಳಿದೆ.