ಮಾತಾಡುವ ರೈಲಿಗೆ ಹಳಿಯ ಕಟ್ಟಳೆ ಬೇಕೇ?

ಪರ: ತಂಟೆಗೂ ಒಂದು ಕಾರಣ ಇರಲಿ

ಥಾಮಸ್ ಎಂಬ ಪುಟ್ಟ ಎಂಜಿನ್ 1946ರಲ್ಲಿ ಮಕ್ಕಳ ಕಥೆಪುಸ್ತಕಕ್ಕೆ ಬಂದಾಗ ಅವನ ತಂಟೆಗಳೆಲ್ಲ ನಿಜವಾದ ರೈಲುದಾರಿಯಲ್ಲಿ ಆಗಬಹುದಾದ ತಂಟೆಗಳೇ. ಬರೆದ ಪಾದ್ರಿ ಆಡ್ರಿ ಅವರಿಗೆ ಆ ವಿಷಯದಲ್ಲಿ ರಾಜಿಯೇ ಇರಲಿಲ್ಲ.

ಗೂಡ್ಸ್ ವ್ಯಾಗನ್‌ಗಳು ಥಾಮಸ್‌ನನ್ನು ಇಳಿಜಾರಿನಲ್ಲಿ ನೂಕಿಕೊಂಡು ಹೋಗುವ ಪ್ರಸಂಗ ನೋಡಿ. ಆಗಿನ ಬ್ರಿಟಿಷ್ ಗೂಡ್ಸ್ ರೈಲುಗಳಲ್ಲಿ ಬಹುಪಾಲು ವ್ಯಾಗನ್‌ಗಳಿಗೆ ಎಂಜಿನ್‌ನಿಂದ ಹಾಕುವ ಬ್ರೇಕ್ ಇರಲಿಲ್ಲ. ಮುಂದೆ ಎಂಜಿನ್ನಿನ ಬ್ರೇಕ್, ಕೊನೆಯಲ್ಲಿ ಗಾರ್ಡ್ ವ್ಯಾನಿನ ಬ್ರೇಕ್, ನಡುವೆ ಬರೀ ಸಡಿಲ ಸರಪಳಿ ಕೊಂಡಿಗಳು. ಕಡಿದಾದ ಇಳಿಜಾರಿದ್ದರೆ ದಿಬ್ಬದ ತುದಿಯಲ್ಲಿ ನಿಲ್ಲಿಸಬೇಕು. ವ್ಯಾಗನ್ನಿನ ಪಕ್ಕದಲ್ಲಿರುವ ಉದ್ದನೆಯ ಬ್ರೇಕ್ ಹಿಡಿಯನ್ನು ಕೆಳಗೆ ಒತ್ತಿ, ಮೇಲೇಳದಂತೆ ಗೂಟ ಸಿಕ್ಕಿಸಬೇಕು. ಸಾಕಷ್ಟು ವ್ಯಾಗನ್‌ಗಳಿಗೆ ಹೀಗೆ ಮಾಡಿದ ಮೇಲೆಯೇ ಇಳಿಯಬೇಕು. ತಪ್ಪಿದರೆ ಸರಪಳಿಗಳು ಜೋತುಬಿದ್ದು, ವ್ಯಾಗನ್ನಿನ ತುದಿಯಲ್ಲಿ ಹೊಡೆತ ತಡೆಯುವ ಬಫರ್‌ಗೆ ಬಫರ್ ಒತ್ತಿ, ಇಡೀ ಸಾಲಿನ ಭಾರ ಎಂಜಿನ್ನಿನ ಬೆನ್ನಿಗೆ ಬೀಳುತ್ತದೆ. ಕಥೆಯ ವ್ಯಾಗನ್‌ಗಳ ಪೋಲಿತನ ಹುಟ್ಟಿದ್ದು ಇಲ್ಲಿ. ಮಗುವಿಗೆ ಇದ್ಯಾವುದೂ ಗೊತ್ತಿರಬೇಕಿಲ್ಲ, ಆದರೆ ಹಿಂದಿನಿಂದ ಬರುವ ಭಾರದ ಭಯ ಅದಕ್ಕೂ ತಟ್ಟುತ್ತದೆ.

1984ರಲ್ಲಿ ಶುರುವಾದ ಟಿವಿ ಸರಣಿ 45 ಮಿಲಿಮೀಟರ್ ಅಗಲದ ಹಳಿಯ ಮೇಲೆ ನಿಜವಾದ ಮಾದರಿಗಳನ್ನೇ ಓಡಿಸಿತು. ಅವು ಉರುಳಿದರೆ ಉರುಳಿದಂತೆಯೇ ಕಾಣುತ್ತಿತ್ತು. 2021ರ ಹೊಸ ಅವತಾರದಲ್ಲಿ ಎಂಜಿನ್‌ಗಳು ಪುಟಿಯುತ್ತವೆ, ಹಾರುತ್ತವೆ. ಹಾರಬಲ್ಲವನಿಗೆ ಇಳಿಜಾರಿನ ಭಯವೇಕೆ? ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಪಾಯಿಂಟ್ ತಪ್ಪಾಗಿ ಬಿದ್ದರೆ ಅವನಿಗೇನು ನಷ್ಟ?

ವಿರೋಧ: ಮುಖ ಇಟ್ಟಾಗಲೇ ಕಟ್ಟಳೆ ಸಡಿಲವಾಯಿತು

ಎಂಜಿನ್ ತನ್ನ ಮನಸ್ಸಿಗೆ ಬಂದಂತೆ ಹೊರಟರೆ ಒಳಗಿರುವ ಡ್ರೈವರನಿಗೆ ಏನು ಕೆಲಸ? ಈ ಪ್ರಶ್ನೆಗೆ ಮೊದಲ ಪುಸ್ತಕಗಳಲ್ಲೂ ಗಟ್ಟಿ ಉತ್ತರವಿಲ್ಲ. ಮುಖ ಬರೆದ ಕ್ಷಣವೇ ನಿಜದ ರೈಲ್ವೆ ಅರ್ಧ ಬಿಟ್ಟುಹೋಯಿತು.

ಹಳೆಯ ಟಿವಿ ಸರಣಿಯ ಮಾದರಿಗಳಿಗೆ ಇದ್ದ ಇಕ್ಕಟ್ಟೂ ಸಣ್ಣದಲ್ಲ. ರಿಮೋಟ್‌ನಿಂದ ಆಡುತ್ತಿದ್ದದ್ದು ಕಣ್ಣು ಮಾತ್ರ, ತುಟಿ ಅಲುಗುವಂತಿರಲಿಲ್ಲ. ನಗುವವನು ಅಳಬೇಕೆಂದರೆ ಚಿತ್ರೀಕರಣ ನಿಲ್ಲಿಸಿ ಅಚ್ಚು ಹಾಕಿದ ಇನ್ನೊಂದು ಮುಖ ಜೋಡಿಸಬೇಕು. ಎಲ್ಲರ ಮಾತನ್ನೂ ಒಬ್ಬ ನಿರೂಪಕನೇ ಆಡಬೇಕು. ಮುಖ ಇರುವುದು ಬಾಯ್ಲರಿನ ಮುಂದೆ, ಕತ್ತು ತಿರುಗದು. ಹಾಗಾಗಿ ಇಬ್ಬರು ಗೆಳೆಯರು ಮುಖ ನೋಡಿ ಮಾತಾಡುವುದೇ ಕಷ್ಟ. ಮೂರು ವರ್ಷದ ಮಗು ಓದುವುದು ಮುಖವನ್ನು, ಸಿಗ್ನಲ್ಲನ್ನಲ್ಲ. ಹೊಸ ಅವತಾರದಲ್ಲಿ ಗಾಲಿಯ ಮೇಲೆ ಮೈ ವಾಲಿಸಿ ಗೆಳೆಯನ ಕಡೆ ಹೊರಳುವ ಥಾಮಸ್ ಅದಕ್ಕೆ ಬೇಗ ಅರ್ಥವಾಗುತ್ತಾನೆ.

ಇನ್ನು ಅಶಿಮಾ. ಥಾಮಸ್ ಕಥೆಯ 2016ರ ಚಿತ್ರದಲ್ಲಿ ಬಂದ ಈ ಭಾರತೀಯ ಎಂಜಿನ್, ಊಟಿಗೆ ಹೋಗುವ ನೀಲಗಿರಿ ರೈಲಿನ ಎಕ್ಸ್ ವರ್ಗದ ಉಗಿ ಎಂಜಿನ್ನನ್ನು ಹೋಲುತ್ತಾಳೆ. ನಿಜದ ಎಕ್ಸ್ ಎಂಜಿನ್‌ಗೆ ನಾಲ್ಕು ಸಿಲಿಂಡರ್: ಎರಡು ಸಾಮಾನ್ಯ ಗಾಲಿಗೆ, ಎರಡು ಹಲ್ಲುಹಳಿ ಕಚ್ಚುವ ಚಕ್ರಕ್ಕೆ. ಕಲ್ಲಾರಿನಿಂದ ಕೂನೂರಿನವರೆಗಿನ ಏರಿನಲ್ಲಿ ಅದು ಬೋಗಿಗಳನ್ನು ಎಳೆಯುವುದಿಲ್ಲ, ಕೆಳಗಿನಿಂದ ನೂಕುತ್ತದೆ. ಅದರ ಗೇಜ್, ಅಂದರೆ ಎರಡು ಹಳಿಗಳ ನಡುವಿನ ಅಗಲ, 1,000 ಮಿಲಿಮೀಟರ್, ಥಾಮಸ್‌ನ ಮುಖ್ಯ ಹಳಿಯದು 1,435. ಆ 435 ಮಿಲಿಮೀಟರನ್ನು ಚಿತ್ರ ಮರೆತದ್ದರಿಂದಲೇ ನಮ್ಮ ಮಕ್ಕಳಿಗೆ ಅಲ್ಲಿ ಒಬ್ಬ ಗೆಳತಿ ಸಿಕ್ಕಳು. ಗೇಜ್ ಪಟ್ಟು ಹಿಡಿದಿದ್ದರೆ ಅವಳು ನೀಲಗಿರಿ ರೈಲುದಾರಿಯ ಕೆಳತುದಿಯಾದ ಮೆಟ್ಟುಪಾಳ್ಯಂ ದಾಟುತ್ತಲೇ ಇರಲಿಲ್ಲ.